ಯಶಸ್ವಿನಿ ಕಾರ್ಡು ಮತ್ತು ಸಿಂಗಪುರದ ಮಾತು: ಎಸ್.ಎಂ. ಕೃಷ್ಣ ಅವರ ಐದು ವರ್ಷ

2003ರ ಬೇಸಿಗೆ. ನಮ್ಮೂರು ಮದ್ದೂರು ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಬೆಳಿಗ್ಗೆ ಡೈರಿ ಮುಂದೆ ಕ್ಯಾನು, ಚೊಂಬು ಹಿಡಿದವರ ಸಾಲು. ಕಾರ್ಯದರ್ಶಿ ಒಬ್ಬೊಬ್ಬರ ಹಾಲಿಗೂ ಲ್ಯಾಕ್ಟೋಮೀಟರ್ ಬಿಟ್ಟು, ಡಿಗ್ರಿ ನೋಡಿ, ಪುಸ್ತಕದಲ್ಲಿ ಲೀಟರ್ ಬರೆಯುತ್ತಿದ್ದರು. ಅವತ್ತು ಅವರ ಪಕ್ಕದಲ್ಲಿ ಒಂದು ಕಟ್ಟು ಫಾರಂ ಇತ್ತು.

"ಒಬ್ಬೊಬ್ರಿಗೆ ವರ್ಷಕ್ಕೆ 60 ರೂಪಾಯಿ ಕಣಣ್ಣ. ಆಪರೇಸನ್ ಆದ್ರೆ ಆಸ್ಪತ್ರೇಲಿ ದುಡ್ಡು ಕಟ್ಟಂಗಿಲ್ಲ. ಬಟವಾಡೇಲಿ ಹಿಡ್ಕೊಳ್ಳಾ?"

ನಮ್ಮ ದೊಡ್ಡಪ್ಪ ಬೇಡ ಅಂದರು. "ಆಪರೇಸನ್ ಆಯ್ತದೆ ಅಂತ ಮುಂಚೇನೇ ಯಾರಾದ್ರೂ ದುಡ್ಡು ಕಟ್ಟಾರಾ? ಅಪಶಕುನ, ಬುಡು." ಹಿಂದೆ ನಿಂತಿದ್ದ ದೊಡ್ಡಮ್ಮ ಹಾಲಿನ ಪುಸ್ತಕ ಮುಂದಕ್ಕೆ ಚಾಚಿ, "ಸುಮ್ನೆ ಕಟ್ಬುಡಿ" ಅಂದರು. ಮನೆಯ ಐವರಿಗೆ 300 ರೂಪಾಯಿ ಆ ವಾರದ ಹಾಲಿನ ದುಡ್ಡಲ್ಲಿ ಹೋಯಿತು. ಸ್ವಲ್ಪ ದಿನದಲ್ಲಿ ಯಶಸ್ವಿನಿ ಕಾರ್ಡು ಬಂತು. ಸಹಕಾರ ಸಂಘದ ಸದಸ್ಯರಿಗೆ ಸರ್ಕಾರ ತಂದ ಆರೋಗ್ಯ ಯೋಜನೆಯ ಹೆಸರು ಅದು. ದೊಡ್ಡಮ್ಮ ಅದನ್ನು ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟರು.

ಎಂಟು ತಿಂಗಳಾದ ಮೇಲೆ ದೊಡ್ಡಪ್ಪನಿಗೇ ಹರ್ನಿಯಾ ಆಪರೇಷನ್ ಆಯಿತು. ಅದಕ್ಕೂ ಮುಂಚೆ ಮೂರು ವರ್ಷ ನೋವು ನುಂಗಿಕೊಂಡೇ ಕಬ್ಬಿನ ಹೊರೆ ಹೊತ್ತಿದ್ದರು. ಆಸ್ಪತ್ರೆಗೆ ಹೋದರೆ ಒಂದು ಸೀಮೆ ಹಸು ಮಾರಬೇಕಾಗುತ್ತೆ ಅನ್ನೋ ಭಯ. ಡಿಸ್ಚಾರ್ಜ್ ಆಗುವಾಗ ಬಿಲ್ಲಿನ ಕೊನೆಯಲ್ಲಿ, ರೋಗಿ ಕಟ್ಟಬೇಕಾದ ಮೊತ್ತದ ಜಾಗದಲ್ಲಿ ಸೊನ್ನೆ ಇತ್ತು. ಆ ಕಾಗದವನ್ನು ಅವರು ಊರಲ್ಲಿ ಎಷ್ಟು ಜನಕ್ಕೆ ತೋರಿಸಿದರೋ ಲೆಕ್ಕವಿಲ್ಲ.

ಅದೇ ದೊಡ್ಡಪ್ಪ 2004ರ ಏಪ್ರಿಲ್‌ನಲ್ಲಿ ಎಸ್.ಎಂ. ಕೃಷ್ಣ ಅವರ ಪಕ್ಷಕ್ಕೆ ಓಟು ಹಾಕಲಿಲ್ಲ. ಆ ಸೊನ್ನೆಯ ಬಿಲ್ಲು ಬರೋ ಹಾಗೆ ಮಾಡಿದ ಮುಖ್ಯಮಂತ್ರಿಗೆ, ಅದೂ ತನ್ನದೇ ತಾಲ್ಲೂಕಿನವರಿಗೆ, ಅವರು ಯಾಕೆ ಬೆನ್ನು ತಿರುಗಿಸಿದರು? ಈ ಪ್ರಶ್ನೆ ಇಪ್ಪತ್ತು ವರ್ಷದಿಂದ ನನ್ನ ತಲೆಯಲ್ಲಿದೆ. ಕೆಲಸ, ಆರೋಗ್ಯ, ಆರ್ಥಿಕತೆ ಈ ಮೂರರ ಬಗ್ಗೆ ಒಬ್ಬ ರಾಜಕಾರಣಿಗೆ ಏನು ನಂಬಿಕೆ ಇತ್ತು, ಅದು ಒಂದು ಹಳ್ಳಿ ಮನೆಯ ಹೊಸ್ತಿಲಿಗೆ ಬಂದಾಗ ಏನಾಯಿತು ಅಂತ ನೋಡೋಕೆ ಇದಕ್ಕಿಂತ ಒಳ್ಳೆ ಪ್ರಕರಣ ನನಗೆ ಗೊತ್ತಿಲ್ಲ.

ಅವರ ನಂಬಿಕೆ ಏನಿತ್ತು

ಕೃಷ್ಣ ಹುಟ್ಟಿದ್ದು 1932ರಲ್ಲಿ, ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯಲ್ಲಿ. ಮೈಸೂರಿನ ಮಹಾರಾಜ ಕಾಲೇಜು, ಬೆಂಗಳೂರಿನ ಕಾನೂನು ಕಾಲೇಜು ಮುಗಿಸಿ ಅಮೆರಿಕಕ್ಕೆ ಹೋಗಿ ಓದಿದರು. 1962ರಲ್ಲಿ ಮದ್ದೂರಿನಿಂದ ಪಕ್ಷೇತರರಾಗಿ ಗೆದ್ದು ವಿಧಾನಸಭೆಗೆ ಬಂದರು. 1999ರ ಚುನಾವಣೆಗೆ ಮುಂಚೆ ಪಾಂಚಜನ್ಯ ಯಾತ್ರೆ ಹೊರಟು ರಾಜ್ಯ ಸುತ್ತಿದರು. ಅವರ ಪಕ್ಷ ಕಾಂಗ್ರೆಸ್‌ಗೆ 224ರಲ್ಲಿ 132 ಸೀಟು ಬಂತು. ಆ ಅಕ್ಟೋಬರ್‌ನಲ್ಲಿ ಮುಖ್ಯಮಂತ್ರಿಯಾದರು.

ಆಗ ಖಜಾನೆ ಬಿಗಿಯಾಗಿತ್ತು. ನೌಕರರ ಸಂಬಳ ಪರಿಷ್ಕರಣೆಯ ಭಾರ ಒಂದು ಕಡೆ, ವಿದ್ಯುತ್ ಮಂಡಳಿಯ ನಷ್ಟ ಇನ್ನೊಂದು ಕಡೆ. ಸರ್ಕಾರ ಸಾಲ ಮಾಡಿ ಸಂಬಳ ಕೊಡೋದು ನಿಲ್ಲಬೇಕು, ಆಗಲೇ ಬೇರೆ ಕೆಲಸಕ್ಕೆ ದುಡ್ಡು ಉಳಿಯುತ್ತೆ ಅನ್ನೋದು ಕೃಷ್ಣ ಅವರ ಆರ್ಥಿಕ ವಿಚಾರದ ಬುಡ. 2001ರಲ್ಲಿ ಸುಧಾರಣೆಗಳ ಷರತ್ತಿನ ಮೇಲೆ ವಿಶ್ವಬ್ಯಾಂಕಿನ ಸಾಲ ಬಂತು. 2002ರಲ್ಲಿ ವಿದ್ಯುತ್ ವಿತರಣೆ ನಾಲ್ಕು ಕಂಪನಿಗಳ ಕೈಗೆ ಹೋಯಿತು. ಅದೇ ವರ್ಷ ವಿತ್ತೀಯ ಹೊಣೆಗಾರಿಕೆ ಕಾಯ್ದೆ ಬಂತು. 2006ರ ಮಾರ್ಚ್ ಒಳಗೆ ರಾಜಸ್ವ ಕೊರತೆ, ಅಂದರೆ ದಿನನಿತ್ಯದ ಖರ್ಚು ಆದಾಯ ಮೀರಿದಷ್ಟು ಮೊತ್ತ, ಸೊನ್ನೆಗೆ ಬರಬೇಕು ಅಂತ ಸರ್ಕಾರ ತನಗೆ ತಾನೇ ಗಡುವು ಹಾಕಿಕೊಂಡಿತು. ಇಂಥ ಕಾಯ್ದೆಯನ್ನು ದೇಶದಲ್ಲಿ ಮೊದಲು ತಂದ ರಾಜ್ಯ ನಮ್ಮದೇ. ಇದನ್ನು ಸಣ್ಣ ಕೆಲಸ ಅಂತ ನಾನು ಅನ್ನಲ್ಲ. ಆದರೆ ಇದರಲ್ಲಿ ಯಾವುದೂ ಡೈರಿ ಮುಂದೆ ನಿಂತವರಿಗೆ ಕಾಣೋ ಅಂಥದ್ದಲ್ಲ. ಅವರಿಗೆ ಕಂಡದ್ದು ಪಂಪ್‌ಸೆಟ್‌ಗೆ ಮೀಟರ್ ಹಾಕ್ತಾರಂತೆ ಅನ್ನೋ ಮಾತು ಮಾತ್ರ. ಅದಕ್ಕೆ ರೈತ ಸಂಘ ಗಟ್ಟಿಯಾಗಿ ಎದುರು ನಿಂತಿತು.

ಕೆಲಸದ ವಿಷಯದಲ್ಲೂ ಅವರ ಲೆಕ್ಕ ನೇರವಾಗಿತ್ತು. ಸರ್ಕಾರ ಎಲ್ಲರಿಗೂ ನೌಕರಿ ಕೊಡೋಕಾಗಲ್ಲ. ಕಂಪನಿಗಳು ಬರೋ ಹಾಗೆ ಊರು ಚೆನ್ನಾಗಿಡಬೇಕು, ಕೆಲಸ ಅವರು ಕೊಡ್ತಾರೆ. ಹಾಗಾಗಿ ಬೆಂಗಳೂರನ್ನು ಸಿಂಗಪುರದ ಹಾಗೆ ಮಾಡ್ತೀವಿ ಅನ್ನೋ ಮಾತು ಬಂತು. ಆ ಮಾತು ಅವರ ಹೆಸರಿಗೆ ಅಂಟಿಕೊಂಡೇ ಬಿಟ್ಟಿತು. ಇನ್ಫೋಸಿಸ್‌ನ ನಂದನ್ ನಿಲೇಕಣಿ ನೇತೃತ್ವದಲ್ಲಿ ಬೆಂಗಳೂರು ಅಜೆಂಡಾ ಟಾಸ್ಕ್ ಫೋರ್ಸ್ ಅನ್ನೋ ನಗರ ಸುಧಾರಣೆಯ ತಂಡ ಆಯಿತು. 2000ದಲ್ಲಿ ಐಟಿ ನೀತಿ, ಮರುವರ್ಷ ಬಯೋಟೆಕ್ ನೀತಿ. ಹೊಸ ಕಂಪನಿಗಳು ಬಂದವು, ಇದ್ದವು ದೊಡ್ಡದಾದವು. ಇದೆಲ್ಲ ನಿಜವಾಗಿ ನಡೆಯಿತು. ಇಂಗ್ಲಿಷ್ ಬಂದವರಿಗೆ, ಎಂಜಿನಿಯರಿಂಗ್ ಓದಿದವರಿಗೆ ಅಪ್ಪ ಅಮ್ಮ ಕನಸಲ್ಲೂ ಕಾಣದಿದ್ದ ಸಂಬಳ ಸಿಕ್ಕಿತು.

ಆದರೆ 2001ರ ಜನಗಣತಿಯಲ್ಲಿ ರಾಜ್ಯದ ಜನಸಂಖ್ಯೆ ಸುಮಾರು 5.28 ಕೋಟಿ. ಅದರಲ್ಲಿ ಮೂರರಲ್ಲಿ ಎರಡು ಪಾಲು ಹಳ್ಳಿಯವರು. ಈ ಅಂತರ ಸರ್ಕಾರಕ್ಕೆ ಗೊತ್ತಿರಲಿಲ್ಲ ಅಂತೇನಿಲ್ಲ. ರಾಜ್ಯದ ಯಾವ ಭಾಗ ಹಿಂದುಳಿದಿದೆ ಅಂತ ನೋಡೋಕೆ ಕೃಷ್ಣ ಸರ್ಕಾರವೇ 2000ದಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿ ಮಾಡಿತ್ತು. 2002ರಲ್ಲಿ ಬಂದ ವರದಿ 114 ತಾಲ್ಲೂಕುಗಳು ಹಿಂದುಳಿದಿವೆ ಅಂತ ಹೆಸರು ಹೆಸರಾಗಿ ಪಟ್ಟಿ ಕೊಟ್ಟಿತು. ಅದರಲ್ಲಿ 39 ಅತ್ಯಂತ ಹಿಂದುಳಿದವು. ಎಂಟು ವರ್ಷದ ವಿಶೇಷ ಯೋಜನೆ ಬೇಕು ಅಂತಲೂ ಹೇಳಿತು. ರೋಗ ಗುರುತಿಸಿದ್ದರು. ಚೀಟಿಯೂ ಬರೆದಾಗಿತ್ತು. ಔಷಧಿ ಕೊಡೋಕೆ ಅವರಿಗೆ ಉಳಿದಿದ್ದು ಎರಡು ವರ್ಷಕ್ಕೂ ಕಡಿಮೆ.

60 ರೂಪಾಯಿ ಹೇಗೆ ಕೆಲಸ ಮಾಡಿತು

ಯಶಸ್ವಿನಿಯ ಮೂಲ ವಿಚಾರ ಹೃದಯ ತಜ್ಞ ಡಾ. ದೇವಿ ಪ್ರಸಾದ್ ಶೆಟ್ಟಿ ಅವರದ್ದು. ಅವರು ಎರಡು ಸಂಗತಿ ಜೊತೆಗಿಟ್ಟು ನೋಡಿದರು. ರಾಜ್ಯದ ಖಾಸಗಿ ಆಸ್ಪತ್ರೆಗಳಲ್ಲಿ ಹಾಸಿಗೆ, ಆಪರೇಷನ್ ಥಿಯೇಟರ್ ಎಷ್ಟೋ ಹೊತ್ತು ಖಾಲಿ ಇರುತ್ತವೆ. ಇನ್ನೊಂದು ಕಡೆ ಆಪರೇಷನ್ ಬೇಕಾದ ರೈತ ದುಡ್ಡಿಲ್ಲದೆ ಮನೆಯಲ್ಲೇ ಮಲಗಿರುತ್ತಾನೆ. ಲಕ್ಷಗಟ್ಟಲೆ ಜನ ಸ್ವಲ್ಪ ಸ್ವಲ್ಪ ಹಾಕಿದರೆ ಈ ಎರಡನ್ನೂ ಜೋಡಿಸಬಹುದು.

ಆ ಲಕ್ಷ ಜನರನ್ನು ಹಿಡಿಯೋದು ಎಲ್ಲಿ? ನನ್ನ ಪ್ರಕಾರ ಇಡೀ ಯೋಜನೆಯ ಜೀವ ಇದೇ ಪ್ರಶ್ನೆಯಲ್ಲಿತ್ತು. ವಿಮಾ ಏಜೆಂಟ್ ಹಳ್ಳಿ ಹಳ್ಳಿ ಸುತ್ತಿ 60 ರೂಪಾಯಿ ವಸೂಲಿ ಮಾಡಿದ್ದರೆ ಅವನ ಬಸ್ ಚಾರ್ಜಿಗೇ ಅದು ಸಾಲುತ್ತಿರಲಿಲ್ಲ. ಆದರೆ ಹಳ್ಳಿಯಲ್ಲಿ ಮೊದಲೇ ಒಂದು ಜಾಗ ಇತ್ತು. ದಿನಾ ಎರಡು ಹೊತ್ತು ಜನ ಬಂದು ಹೋಗೋ ಡೈರಿ. ಗೊಬ್ಬರ, ಸಾಲಕ್ಕೆ ಹೋಗೋ ಸೊಸೈಟಿ. ಅಲ್ಲಿ ಪ್ರತಿಯೊಬ್ಬರ ಹೆಸರು, ಲೆಕ್ಕ ಎಲ್ಲ ಬರೆದಿದೆ. ಕಾರ್ಯದರ್ಶಿ ಊರವರೇ. ದುಡ್ಡು ಕೈಯಿಂದ ಕೊಡಬೇಕಾಗಿಲ್ಲ, ಹಾಲಿನ ಬಟವಾಡೆಯಲ್ಲಿ ಹಿಡಿದರಾಯಿತು. ಕೃಷ್ಣ ಸರ್ಕಾರ ಸಹಕಾರ ಇಲಾಖೆಯನ್ನು ಈ ಕೆಲಸಕ್ಕೆ ಪೂರ್ತಿ ಇಳಿಸಿತು. ಅಧಿಕಾರಿಗಳಿಗೆ ಇಷ್ಟು ಜನರನ್ನು ಸೇರಿಸಿ ಅಂತ ಗುರಿ ಕೊಟ್ಟರು. ಒತ್ತಾಯ ಇತ್ತು ಅಂತ ಕೆಲವರು ದೂರುತ್ತಾರೆ. ಇತ್ತು ನಿಜ. ದೊಡ್ಡಪ್ಪನ ಹಾಗೆ ಅಪಶಕುನ ಅನ್ನೋರು ಊರಿಗೆ ನೂರು ಜನ ಇದ್ದಾಗ ಸ್ವಲ್ಪ ಒತ್ತಾಯ ತಪ್ಪು ಅಂತ ನನಗೆ ಅನಿಸಲ್ಲ.

2002ರ ನವೆಂಬರ್ 14ರಂದು ಕೃಷ್ಣ ಯೋಜನೆ ಉದ್ಘಾಟಿಸಿದರು. 2003ರ ಜೂನ್ 1ರಿಂದ ಚಿಕಿತ್ಸೆ ಶುರುವಾಯಿತು. ಸದಸ್ಯರು ತಿಂಗಳಿಗೆ 5 ರೂಪಾಯಿ, ಅದರ ಮೇಲೆ ಸರ್ಕಾರದ್ದು ಎರಡೂವರೆ ರೂಪಾಯಿ. ಮಧ್ಯೆ ವಿಮಾ ಕಂಪನಿ ಇರಲಿಲ್ಲ. ದುಡ್ಡು ಒಂದು ಟ್ರಸ್ಟಿಗೆ ಬರುತ್ತಿತ್ತು. ಆಸ್ಪತ್ರೆಗಳ ಜೊತೆ ಒಂದೊಂದು ಆಪರೇಷನ್‌ಗೆ ಇಂತಿಷ್ಟು ಅಂತ ಮೊದಲೇ ದರ ಗೊತ್ತು ಮಾಡಿದ್ದರು. ಕಾರ್ಡು ತೋರಿಸಿದರೆ ಆಸ್ಪತ್ರೆ ಒಪ್ಪಿಗೆಗೆ ಕಳಿಸುತ್ತಿತ್ತು. ಒಪ್ಪಿಗೆ ಬಂದ ಮೇಲೆ ಜನರಲ್ ವಾರ್ಡು, ಆಪರೇಷನ್, ಅಲ್ಲಿದ್ದಷ್ಟು ದಿನದ ಔಷಧಿ ಎಲ್ಲ ಅದರಲ್ಲೇ. ಪಟ್ಟಿಯಲ್ಲಿ 1,600ಕ್ಕೂ ಹೆಚ್ಚು ಬಗೆಯ ಆಪರೇಷನ್ ಇದ್ದವು. ಒಂದು ಆಪರೇಷನ್‌ಗೆ 1 ಲಕ್ಷ, ವರ್ಷಕ್ಕೆ 2 ಲಕ್ಷದವರೆಗೆ.

ಮೊದಲ ವರ್ಷ 16 ಲಕ್ಷ ಜನ ಸೇರಿದರು. ತಲಾ 60 ರೂಪಾಯಿ ಅಂದರೆ 9.6 ಕೋಟಿ. ಆ ವರ್ಷ ಆದ ಆಪರೇಷನ್‌ಗಳು ಸುಮಾರು 9,000. ಅಂದರೆ ಹತ್ತಿರ ಹತ್ತಿರ 180 ಜನ ಕಟ್ಟಿದ್ದು ಒಬ್ಬರ ಆಪರೇಷನ್‌ಗೆ ಹೋಯಿತು. ನಮ್ಮ ದೊಡ್ಡಪ್ಪನ ಹರ್ನಿಯಾಗೆ 179 ಮಂದಿ ಗುರುತು ಪರಿಚಯ ಇಲ್ಲದವರು ಹಾಲಿನ ದುಡ್ಡು ಕೊಟ್ಟ ಲೆಕ್ಕ. ಊರಿನ ಮುಯ್ಯಿ ಗೊತ್ತಲ್ವಾ? ಮದುವೆಮನೆಗೆ ಎಲ್ಲರೂ ಒಂದಿಷ್ಟು ಮುಯ್ಯಿ ಹಾಕ್ತಾರೆ, ನಾಳೆ ನಮ್ಮನೆ ಮದುವೆಗೆ ಅವರು ಹಾಕ್ತಾರೆ. ಅದನ್ನೇ ರಾಜ್ಯದ ಅಳತೆಗೆ ಹಿಗ್ಗಿಸಿದಂತೆ ಇದು.

ಒಂದೇ ವ್ಯತ್ಯಾಸ. ಮುಯ್ಯಿ ವಾಪಸ್ ಬರೋದು ಖಂಡಿತ. ಯಶಸ್ವಿನಿಯಲ್ಲಿ ಆರೋಗ್ಯ ಚೆನ್ನಾಗಿದ್ದರೆ ವಾಪಸ್ ಏನೂ ಬರಲ್ಲ. ಎರಡನೇ ವರ್ಷ ಸದಸ್ಯರು 20 ಲಕ್ಷ ದಾಟಿದರು. 2005ರಲ್ಲಿ, ಕೃಷ್ಣ ಅಧಿಕಾರ ಬಿಟ್ಟ ಮೇಲೆ, ವಂತಿಗೆ 120 ರೂಪಾಯಿ ಆಯಿತು. ಆ ವರ್ಷ ಸದಸ್ಯರ ಸಂಖ್ಯೆ 15 ಲಕ್ಷಕ್ಕಿಂತ ಕೆಳಗೆ ಬಂತು. ಬಿಟ್ಟು ಹೋಗೋರು ಯಾರು ಅಂತ ಊಹಿಸೋದು ಕಷ್ಟ ಅಲ್ಲ. ಎರಡು ವರ್ಷ ಕಟ್ಟಿ ಏನೂ ಬಳಸದ ಗಟ್ಟಿಮುಟ್ಟು ಹುಡುಗರು ಬಿಡ್ತಾರೆ. ಕಾಯಿಲೆ ಇರೋರು ಉಳ್ಕೋತಾರೆ. ಆಗ ಖರ್ಚು ಏರುತ್ತೆ, ವಂತಿಗೆ ಮತ್ತೆ ಏರಿಸಬೇಕಾಗುತ್ತೆ. ಇಂಥ ಯೋಜನೆಗಳನ್ನು ಒಳಗಿನಿಂದ ತಿನ್ನೋ ಗೆದ್ದಲು ಇದು.

ಕಾರ್ಡು ಮುಟ್ಟದ ಜಾಗ

ಆಪರೇಷನ್ ಇಲ್ಲದ ಕಾಯಿಲೆಗೆ ಯಶಸ್ವಿನಿಯಲ್ಲಿ ಡಾಕ್ಟರ್ ಸಲಹೆ ಮಾತ್ರ ಫ್ರೀ. ಮಲೇರಿಯಾ, ಟೈಫಾಯ್ಡ್, ಸಕ್ಕರೆ ಕಾಯಿಲೆಯ ಮಾತ್ರೆ ನಮ್ಮ ಜೇಬಿಂದಲೇ. ಕ್ಯಾನ್ಸರಿನ ಕೀಮೋ, ಅಂಗಾಂಗ ಕಸಿ, ಮೂಳೆಗೆ ಹಾಕೋ ಇಂಪ್ಲಾಂಟ್ ಇವೆಲ್ಲ ಪಟ್ಟಿಯಿಂದ ಹೊರಗಿದ್ದವು. 60 ರೂಪಾಯಿಯಲ್ಲಿ ಎಲ್ಲವನ್ನೂ ಕೇಳೋದು ಅನ್ಯಾಯ, ಒಪ್ಪುತ್ತೇನೆ. ಆದರೆ ಬಡ ಮನೆಯ ದುಡ್ಡು ಜಾಸ್ತಿ ಸೋರೋದು ಇಂಥ ಸಣ್ಣ ತೂತುಗಳಲ್ಲೇ. ಅದಕ್ಕೆ ಬೇಕಾಗಿದ್ದು ಹೋಬಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಬ್ಬ ಡಾಕ್ಟರು, ಬೀರುವಿನಲ್ಲಿ ಔಷಧಿ.

ಇನ್ನೊಂದು ಮಾತು ನನಗೆ ಇನ್ನೂ ಚುಚ್ಚುತ್ತೆ. ಕಾರ್ಡು ಬೇಕಾದರೆ ಸಹಕಾರ ಸಂಘದ ಸದಸ್ಯರಾಗಿರಬೇಕು. ನಮ್ಮೂರಲ್ಲಿ ಕೂಲಿಗೆ ಹೋಗೋ ಮನೆಗಳಿಗೆ ಜಮೀನಿಲ್ಲ, ಹಸುವಿಲ್ಲ. ಡೈರಿಯ ಪುಸ್ತಕದಲ್ಲಿ ಅವರ ಹೆಸರಿಲ್ಲ. ದೊಡ್ಡಪ್ಪನ ಗದ್ದೆಯಲ್ಲೇ ಕಬ್ಬು ಕಡಿಯುತ್ತಿದ್ದ ಒಬ್ಬರಿಗೆ ಅದೇ ಹರ್ನಿಯಾ ಇತ್ತು. ಕಾರ್ಡು ಇರಲಿಲ್ಲ. ಬಟ್ಟೆ ಬಿಗಿಯಾಗಿ ಕಟ್ಟಿಕೊಂಡು ಕೆಲಸಕ್ಕೆ ಬರುತ್ತಿದ್ದರು. ಯೋಜನೆಗೆ ಬಲ ಕೊಟ್ಟ ಆ ಸಹಕಾರ ಸಂಘವೇ ಇವರ ಪಾಲಿಗೆ ಬೇಲಿಯಾಯಿತು. ಪಕ್ಕದ ಆಂಧ್ರದಲ್ಲಿ ವೈ.ಎಸ್. ರಾಜಶೇಖರ ರೆಡ್ಡಿ 2007ರಲ್ಲಿ ಆರೋಗ್ಯಶ್ರೀ ತಂದಾಗ ಬಡವರಿಂದ ವಂತಿಗೆಯನ್ನೇ ಕೇಳಲಿಲ್ಲ. ಪೂರ್ತಿ ಸರ್ಕಾರದ ದುಡ್ಡು. ಅದರಲ್ಲಿ ಖಜಾನೆಗೆ ಭಾರ ಜಾಸ್ತಿ, ಆದರೆ ಹಸು ಇಲ್ಲದವರೂ ಒಳಗೆ ಬಂದರು. ಜನರ ಪಾಲೂ ಇರಬೇಕು ಅನ್ನೋ ಕೃಷ್ಣ ಅವರ ದಾರಿ ಅವರ ಖಜಾನೆ ವಿಚಾರಕ್ಕೆ ಸರಿಯಾಗಿ ಹೊಂದುತ್ತಿತ್ತು. ಕೈಯಲ್ಲಿ 60 ರೂಪಾಯಿಯೂ ಇಲ್ಲದವರ ಲೆಕ್ಕ ಮಾತ್ರ ಅದರಲ್ಲಿ ಸಿಗುತ್ತಿರಲಿಲ್ಲ.

ನೀರು

2000ದಲ್ಲಿ ರಾಜ್‌ಕುಮಾರ್ ಅಪಹರಣವಾಗಿ 108 ದಿನ ಸರ್ಕಾರಕ್ಕೆ ಬೇರೆ ಯೋಚನೆಯೇ ಇರಲಿಲ್ಲ. ಅದು ಮುಗಿಯಿತು ಅನ್ನೋಷ್ಟರಲ್ಲಿ ಬರ ಬಂತು. 2001ರಿಂದ ಮೂರು ವರ್ಷ ಬಿಡದೆ ಮಳೆ ಕೈಕೊಟ್ಟಿತು. ಸಾಲ ತೀರಿಸಲಾಗದೆ ರೈತರು ಪ್ರಾಣ ಕಳೆದುಕೊಂಡರು. ಕಾರಣ ಹುಡುಕೋಕೆ ಸರ್ಕಾರ ಡಾ. ವೀರೇಶ್ ಸಮಿತಿ ಮಾಡಬೇಕಾಯಿತು.

ಮಂಡ್ಯಕ್ಕೆ ಅದರ ಮೇಲೆ ಕಾವೇರಿ. 2002ರಲ್ಲಿ ಕನ್ನಂಬಾಡಿ ಕಟ್ಟೆಯಲ್ಲಿ ನೀರಿಲ್ಲ, ತಮಿಳುನಾಡಿಗೆ ಬಿಡಿ ಅಂತ ಸುಪ್ರೀಂ ಕೋರ್ಟಿನ ಆದೇಶ. ಸೆಪ್ಟೆಂಬರ್‌ನಲ್ಲಿ ಒಬ್ಬ ರೈತ ಕಬಿನಿ ಜಲಾಶಯಕ್ಕೆ ಹಾರಿ ಸತ್ತ. ಕೃಷ್ಣ ನೀರು ನಿಲ್ಲಿಸಿದರು. ಅಕ್ಟೋಬರ್‌ನಲ್ಲಿ ಬೆಂಗಳೂರಿನಿಂದ ಮಂಡ್ಯಕ್ಕೆ ಪಾದಯಾತ್ರೆ ಬಂದರು. ಮದ್ದೂರಿನ ಹೆದ್ದಾರಿಯಲ್ಲಿ ಅವರು ನಡೆದು ಹೋಗಿದ್ದನ್ನು ನಾನು ನೋಡಿದ್ದೇನೆ. ಬಿಳಿ ಬಟ್ಟೆ, ಸುತ್ತ ಪೊಲೀಸರು, ರಸ್ತೆಯ ಎರಡೂ ಕಡೆ ಜನ. ಕೈ ಮುಗಿದವರೂ ಇದ್ದರು, ಬೈದವರೂ ಇದ್ದರು. ಆಮೇಲೆ ಕೋರ್ಟಿನ ಮುಂದೆ ಬೇಷರತ್ ಕ್ಷಮೆ ಕೇಳಿ ನೀರು ಬಿಡಬೇಕಾಯಿತು. ಕಾನೂನು ಓದಿದ ಮುಖ್ಯಮಂತ್ರಿಗೆ ಬೇರೆ ದಾರಿ ಇರಲಿಲ್ಲ ಅಂತ ಇವತ್ತು ನನಗೆ ಅರ್ಥವಾಗುತ್ತೆ. ಅವತ್ತು ನಾಲೆಯಲ್ಲಿ ಬಿರುಕು ಬಿಟ್ಟ ಮಣ್ಣು ನೋಡಿದವರಿಗೆ ಅದು ಅರ್ಥವಾಗಬೇಕಾದ ಅಗತ್ಯವೂ ಇರಲಿಲ್ಲ.

ಯಶಸ್ವಿನಿ ಉದ್ಘಾಟನೆ ಆಗಿದ್ದು ಇದೇ ದಿನಗಳಲ್ಲಿ. ಪಾದಯಾತ್ರೆಗೂ ಅದಕ್ಕೂ ನಡುವೆ ಐದಾರು ವಾರ. ನೀರು ಕೇಳಿದ ರೈತನ ಕೈಗೆ ಆರೋಗ್ಯದ ಕಾರ್ಡು ಬಂತು.

2004ರಲ್ಲಿ ಅವಧಿ ಮುಗಿಯೋಕೆ ಮುಂಚೆಯೇ ವಿಧಾನಸಭೆ ವಿಸರ್ಜಿಸಿ, ಲೋಕಸಭೆಯ ಜೊತೆಗೇ ಚುನಾವಣೆಗೆ ಹೋದರು. ಕೃಷ್ಣ ಈ ಸಲ ಮದ್ದೂರಿನಲ್ಲಿ ನಿಲ್ಲಲಿಲ್ಲ. ಬೆಂಗಳೂರಿನ ಚಾಮರಾಜಪೇಟೆಗೆ ಹೋದರು. ಅಲ್ಲಿ ಗೆದ್ದರು. ರಾಜ್ಯದಲ್ಲಿ ಅವರ ಪಕ್ಷ 132ರಿಂದ 65ಕ್ಕೆ ಇಳಿಯಿತು. ಬಿಜೆಪಿಗೆ 79, ಜೆಡಿಎಸ್‌ಗೆ 58. ಮೇ ಕೊನೆಗೆ ಧರಂ ಸಿಂಗ್ ಮುಖ್ಯಮಂತ್ರಿಯಾದರು.

ದೊಡ್ಡಪ್ಪನನ್ನು ಕೇಳಿದ್ದೆ, ಆಪರೇಷನ್ ಮಾಡಿಸಿದವರಿಗೆ ಯಾಕೆ ಓಟು ಹಾಕಲಿಲ್ಲ ಅಂತ. "ಹೊಟ್ಟೆ ಹೊಲ್ದವ್ರೆ ಸರಿ ಕಣ್ಮಗ. ಹೊಟ್ಟೆಗೆ ಏನು?" ಅಂದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಊರ್ ಬುಟ್ಟು ಬೆಂಗ್ಳೂರಲ್ ನಿಂತ್ಕೊಂಡ್ರಲ್ಲ" ಅಂತಲೂ ಸೇರಿಸಿದರು. ಆ ಎರಡನೇ ಮಾತಲ್ಲಿ ಕೋಪಕ್ಕಿಂತ ನೋವೇ ಜಾಸ್ತಿ ಇತ್ತು.

ಮಗ ಬೆಂಗಳೂರಿಗೆ ಹೋದ

ಬೆಂಗಳೂರಿನ ಕೆಲಸ ನಮ್ಮೂರಿಗೆ ಬರಲೇ ಇಲ್ಲ ಅಂದರೆ ತಪ್ಪಾಗುತ್ತೆ. ಬಂತು, ಬೇರೆ ವೇಷದಲ್ಲಿ. ಬರದ ವರ್ಷಗಳಲ್ಲಿ ನಮ್ಮ ತಾಲ್ಲೂಕಿನ ಹುಡುಗರು ಬಸ್ ಹತ್ತಿದರು. ಐಟಿ ಕಂಪನಿ ಕ್ಯಾಬ್ ಓಡಿಸಿದರು, ಗೇಟಿನಲ್ಲಿ ಸೆಕ್ಯುರಿಟಿ ಆದರು, ಹೋಟೆಲ್ ಸೇರಿದರು. ಹೆಣ್ಣುಮಕ್ಕಳು ಗಾರ್ಮೆಂಟ್ಸ್‌ಗೆ ಹೋದರು. ದೊಡ್ಡಪ್ಪನ ಮಗ, ನಮ್ಮಣ್ಣ, 2004ರ ಕೊನೆಗೆ ಕ್ಯಾಬ್ ಓಡಿಸೋಕೆ ಹೋದವನು ಅಲ್ಲೇ ಉಳಿದ. ರಾತ್ರಿ ಪಾಳಿ. ಬೆಳಗಿನ ಜಾವ ಮೂರಕ್ಕೆ ಕಾಲ್ ಸೆಂಟರಿನವರನ್ನು ಮನೆಗೆ ಬಿಟ್ಟು, ಸೀಟಲ್ಲೇ ಒರಗಿ ನಿದ್ದೆ ಮಾಡುತ್ತಿದ್ದ. ತಿಂಗಳಿಗೊಮ್ಮೆ ಊರಿಗೆ ದುಡ್ಡು ತರುತ್ತಿದ್ದ. ಆ ದುಡ್ಡಲ್ಲೇ ಬೋರ್‌ವೆಲ್ ಕೊರೆಸಿದ್ದು, ತಂಗಿ ಮದುವೆ ಮಾಡಿದ್ದು.

ಕೃಷ್ಣ ಅವರ ಮೂರು ವಿಚಾರಗಳೂ ಒಂದರ ಪಕ್ಕ ಒಂದು ಇದ್ದವು, ನಡುವೆ ಬಾಗಿಲಿರಲಿಲ್ಲ. ಇದು ನನಗೆ ಕಂಡಿದ್ದು ನಮ್ಮಣ್ಣನಲ್ಲಿ. ಕೆಲಸ ನಗರದಲ್ಲಿ, ಕಾರ್ಡು ಹಳ್ಳಿಯ ಸಂಘದಲ್ಲಿ. ಆರ್ಥಿಕತೆ ಬೆಳೆಯಬೇಕಾದರೆ ಅವನು ಊರು ಬಿಡಬೇಕು. ಊರು ಬಿಟ್ಟವನ ಹೆಸರಲ್ಲಿ ಡೈರಿಗೆ ಹಾಲು ಹೋಗಲ್ಲ. ಅಪ್ಪನ ಸದಸ್ಯತ್ವದಲ್ಲಿ ಮೊದಮೊದಲು ಅವನ ಹೆಸರಿಗೂ ದುಡ್ಡು ಕಟ್ಟುತ್ತಿದ್ದರು. 120 ರೂಪಾಯಿ ಆದ ವರ್ಷ, ಅವನಿಗೇನು ಗಟ್ಟಿ ಆಳು, ಅಲ್ಲಿ ಕಂಪನಿಯವರು ನೋಡ್ಕೋತಾರೆ ಅಂತ ಬಿಟ್ಟರು. ಕ್ಯಾಬ್ ಅವನದ್ದಲ್ಲ, ಕಂಪನಿಗೂ ಅವನು ನೌಕರ ಅಲ್ಲ. ಯಾರೂ ನೋಡ್ಕೊಳ್ಳಲಿಲ್ಲ. 2006ರಲ್ಲಿ ಅಪೆಂಡಿಕ್ಸ್ ಆಪರೇಷನ್ ಆದಾಗ ಬಿಲ್ಲಿನ ಕೊನೆಯಲ್ಲಿ ಸೊನ್ನೆ ಇರಲಿಲ್ಲ. ಸೀಮೆ ಹಸು ಮಾರಿದರು. ನಗರದ ಸಹಕಾರ ಸಂಘದವರಿಗೆ ಯಶಸ್ವಿನಿ ತೆರೆದದ್ದು ಎಷ್ಟೋ ವರ್ಷ ಆದ ಮೇಲೆ.

ಅದೇ ಆಡಳಿತದಲ್ಲಿ ಎರಡೂ ಕಡೆ ಸೇತುವೆ ಹಾಕಿದ ಕೆಲಸ ಇರಲಿಲ್ವಾ? ಒಂದಿತ್ತು. ಭೂಮಿ ಯೋಜನೆ. 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿ ಕಂಪ್ಯೂಟರಿಗೆ ಬಂದವು. ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ ಆಗ 15 ರೂಪಾಯಿ ಕೊಟ್ಟರೆ ಕೈಗೆ ಪಹಣಿ ಸಿಗುತ್ತಿತ್ತು. ಬೆಂಗಳೂರಿನ ಕಂಪ್ಯೂಟರ್ ಜಾಣತನ ರೈತನ ಕೆಲಸಕ್ಕೆ ಬಂದಿದ್ದು ಅಲ್ಲಿ. ಶಾನುಭೋಗರ ಹಿಂದೆ ವಾರಗಟ್ಟಲೆ ಅಲೆದವರಿಗೇ ಅದರ ಬೆಲೆ ಗೊತ್ತು. 2002ರಲ್ಲಿ ಶುರುವಾದ ಅಕ್ಷರ ದಾಸೋಹವನ್ನೂ ನೆನೆಯಬೇಕು. ಮೊದಲು ಈಶಾನ್ಯದ ಏಳು ಜಿಲ್ಲೆ, ಆಮೇಲೆ ಇಡೀ ರಾಜ್ಯ. ಬರದಲ್ಲಿ ಶಾಲೆಯ ಬಿಸಿಯೂಟ ಎಷ್ಟು ಮಕ್ಕಳ ಹೊಟ್ಟೆ ತುಂಬಿಸಿತು ಅನ್ನೋದನ್ನು ಓಟಿನ ಲೆಕ್ಕದಲ್ಲಿ ಹುಡುಕಿದರೆ ಸಿಗಲ್ಲ.

ಯಶಸ್ವಿನಿ ಆಮೇಲೆ ಬಂದ ಸರ್ಕಾರಗಳಲ್ಲೂ ನಡೆಯಿತು. ಹೆರಿಗೆ, ಹಾವು ಕಡಿತ, ಕೃಷಿ ಸಲಕರಣೆಯಿಂದ ಆದ ಗಾಯ ಇವೆಲ್ಲ ಸೇರಿಕೊಂಡವು. 2018ರಲ್ಲಿ ಆರೋಗ್ಯ ಕರ್ನಾಟಕ ಅನ್ನೋ ಸರ್ಕಾರದ ಹೊಸ ಆರೋಗ್ಯ ಯೋಜನೆ ಬಂದಾಗ ಯಶಸ್ವಿನಿ ನಿಂತಿತು. ಸಹಕಾರಿಗಳು ಬಿಡದೆ ಕೇಳಿದ ಮೇಲೆ 2022ರ ನವೆಂಬರ್‌ನಲ್ಲಿ ಮತ್ತೆ ನೋಂದಣಿ ಶುರುವಾಯಿತು. ಈ ಸಲ ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿ, ನಗರದವರಿಗೆ 1,000. ಪರಿಶಿಷ್ಟ ಜಾತಿ, ಪಂಗಡದವರು ಕಟ್ಟಬೇಕಾಗಿಲ್ಲ. ಆಪರೇಷನ್ ಮಿತಿ ಕುಟುಂಬಕ್ಕೆ 5 ಲಕ್ಷ.

ಕೃಷ್ಣ 2024ರ ಡಿಸೆಂಬರ್ 10ರಂದು ತೀರಿಕೊಂಡರು. ಮರುದಿನ ಸೋಮನಹಳ್ಳಿಯಲ್ಲಿ ಅಂತ್ಯಕ್ರಿಯೆ. ದೊಡ್ಡಪ್ಪನಿಗೆ ಆಗಲೇ ಎಂಬತ್ತರ ಹತ್ತಿರ. ಮಂಡಿ ನೋವು, ನಡೆಯೋಕಾಗಲ್ಲ. ಹೋಗಲೇಬೇಕು ಅಂತ ಹಟ ಹಿಡಿದರು. ನಮ್ಮಣ್ಣ ಬೆಂಗಳೂರಿನಿಂದ ಕಾರು ತಂದು ಕರೆದುಕೊಂಡು ಹೋದ.